ಹಾಸಿಗೆ ಇದ್ದಷ್ಟು

ಡಬ್ಬಿಯ ಮುಚ್ಚಳವನ್ನು ಬೆರಳ ಗೆಣ್ಣಿನಿಂದ ಕುಟ್ಟಿ
ಮರ್ವಿನ್ ಪೆನ್‌ಹಾಲ್ ಹೇಳುತ್ತಿದ್ದ:
ಇದು ಗಟ್ಟಿ, ಇದು ಹುಳಿತದ್ದು, ಇದರೊಳಗೆ ಬರೀ ಗಾಳಿ.
ಮರ್ರಿ ನದಿಯ ದಂಡೆ, ಪೀಚ್ ಹಣ್ಣಿನ ಕಾರ್ಖಾನೆ,
ಹತ್ತೊಂಬತ್ತು ವರ್ಷ ಯಜಮಾನಿಕೆ;
ಕಿವಿ ತಪ್ಪಿದ್ದು ಎರಡೇ ಸಲ
ಎಂದು ಪ್ಯಾಕಿಂಗಿನ ಹೆಂಗಸರು ಆಣೆಯಿಡುತ್ತಿದ್ದರಂತೆ.

ಪಕ್ಷದವರು ಬಂದರು, ಟೈ ಸಡಿಲಿಸಿ ಕೂತರು.
ರಾಜ್ಯವೂ ಒಂದು ಕಂಪನಿಯೇ ಅಲ್ಲವೇ, ಅಂದರು.
ಇವನು ಅಲ್ಲ ಅನ್ನಲಿಲ್ಲ.
ಹದಿನಾಲ್ಕು ತಿಂಗಳಿಗೆ ಅಡಿಲೇಡಿನಲ್ಲಿ ಹಣಕಾಸು ಮಂತ್ರಿ.
ಕಾರಿಗೆ ನಾನು,
ಹಾವೇರಿ ಡಿಪೋದ ಬಸ್ಸಿನಲ್ಲಿ ಪಳಗಿದ ಕೈ.

ನಿಮ್ಮ ಕಡೆ ದುಡ್ಡಿನ ಬಗ್ಗೆ ಏನಂತಾರೆ?
ಮೇ ತಿಂಗಳ ಒಂದು ಸಂಜೆ, ನಾರ್ತ್ ಟೆರೇಸಿನ ಕೆಂಪು ದೀಪ,
ಬಾಯಿಗೆ ಬಂದದ್ದು ಹೇಳಿಬಿಟ್ಟೆ:
ಹಾಸಿಗೆ ಇದ್ದಷ್ಟು ಕಾಲು ಚಾಚು.
ಬರೆದುಕೊಂಡ. ಹಸಿರು ಬಂದದ್ದು
ಇಬ್ಬರಿಗೂ ಕಾಣಲಿಲ್ಲ; ಹಿಂದೆ ಟ್ರಾಮು ಗಂಟೆ ಬಡಿಯಿತು.

ಜೂನಿನಲ್ಲಿ ಬಜೆಟ್ಟು. ರೇಡಿಯೊದಲ್ಲಿ ಅವನ ದನಿ, ನನ್ನ ಗಾದೆ.
'ನನ್ನ ಡ್ರೈವರ್ ಹೇಳುವ ಹಾಗೆ...'
ಸದನ ನಕ್ಕಿತು. ನನಗೂ ಹಿಗ್ಗು,
ಹೆಂಡತಿಗೆ ಫೋನು ಮಾಡಿದೆ.
ನೂರಾ ಹನ್ನೆರಡನೆಯ ಪುಟ ನೋಡಿದ್ದು ಮರುದಿನ:
ಉತ್ತರದ ಗೋಧಿ ಸೀಮೆ, ಸರ್ಕಾರಿ ಆಸ್ಪತ್ರೆ,
ಹಾಸಿಗೆ ಹನ್ನೊಂದು. ಕಳೆ.

ಊರಿನ ಹೆಸರು ಯಾರಿಲ್ಲಾ.
ಯಾವುದೋ ಹಕ್ಕಿಯ ಹೆಸರಂತೆ, ಇರಬಹುದು.
ಬೋರ್ಡು ಕಂಡಾಗ ಕಾರಿನಲ್ಲಿ
ಬೆಚ್ಚಿದವನು ನಾನೊಬ್ಬನೇ.

ಹಾಲಿನಲ್ಲಿ ಕುರ್ಚಿ ನಲವತ್ತು, ಜನ ಇನ್ನೂರು.
ಡಾಟ್ ಹೀಸ್ಲಿಪ್ ಎಂಬ ಮುದುಕಿ ಮುಂದಿನ ಸಾಲಿನಿಂದ ಎದ್ದಳು,
ಎದ್ದದ್ದು ಒಂದೇ ಕಾಲಿನ ಮೇಲೆ, ಇನ್ನೊಂದನ್ನು ಸಕ್ಕರೆ ಕಾಯಿಲೆ ತಿಂದಿತ್ತು.
'ಚಾಚಲು ಇರುವುದು ಒಂದೇ, ಮಂತ್ರಿಗಳೇ.
ನನಗೆ ಅರ್ಧ ಹಾಸಿಗೆ ಸಾಕಿತ್ತು.'
ಯಾರೂ ನಗಲಿಲ್ಲ.
ಅವನು ಮುಂದಿದ್ದ ಫೈಲನ್ನು ಗೆಣ್ಣಿನಿಂದ ಮೆಲ್ಲಗೆ ಕುಟ್ಟಿದ.
ಬಾಗಿಲ ಬಳಿ ನಿಂತ ನಾನೂ ಕಿವಿಗೊಟ್ಟೆ.
ಕಾಗದ ಅಲ್ಲವೇ, ಏನು ಸದ್ದು ಬಂದೀತು?

ಚುನಾವಣೆಯಲ್ಲಿ ಸೋತ.
ಬೊಕ್ಕಸದಲ್ಲಿ ಉಳಿತಾಯವಂತೂ ಇತ್ತು;
ಮುಂದೆ ಬಂದವರು ಅದರಲ್ಲೊಂದು ಕ್ರೀಡಾಂಗಣ ಕಟ್ಟಿದರು.

ಕಳೆದ ಶನಿವಾರ ಸೆಂಟ್ರಲ್ ಮಾರ್ಕೆಟ್ಟಿನಲ್ಲಿ ಕಂಡ,
ಪೀಚ್ ಡಬ್ಬಿಗಳ ಮುಂದೆ.
ಒಂದನ್ನು ಕುಟ್ಟಿದ, ಕಿವಿಗಿಟ್ಟ, ಮತ್ತೆ ಕುಟ್ಟಿದ.
ಏನನ್ನುತ್ತದೆ? ಅಂದೆ.
'ಎಲ್ಲವೂ ಗಟ್ಟಿಯೇ ಅನ್ನುತ್ತವೆ ಈಗ.'
ಎರಡು ಡಬ್ಬಿ ಕೊಂಡ, ಚಿಲ್ಲರೆ ಎಣಿಸಿ ಕೊಟ್ಟ.
ಮನೆಗೆ ಬಿಡಲೇ? ಅಂದೆ.
ಬಸ್ಸಿದೆ, ಅಂದ.
ನನ್ನ ಕಡೆಯ ಇನ್ನೊಂದು ಗಾದೆ ಕೇಳಲಿಲ್ಲ.