ಎಡ ಭುಜಕ್ಕೆ ಎರಡು ಹೊಲಿಗೆ

ಟೊಲೀಡೊ ಊರಿನ ಸ್ಟೇಡಿಯಮ್ಮಿನ ಹೊಟ್ಟೆಯೊಳಗೆ
ಕಿಟಕಿಯಿಲ್ಲದ ಕೋಣೆ ನನ್ನದು.
ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ,
ಗೋಡೆಗೆ ಹದಿನೇಳು ಪಂದ್ಯಗಳ ಪಟ್ಟಿ.
ಗೆದ್ದದ್ದು ಮೂರು. ಅದರಲ್ಲೊಂದು
ಎದುರಾಳಿ ಚೆಂಡು ಕೈಬಿಟ್ಟು ಹಾಕಿದ ಭಿಕ್ಷೆ.

ಆಟ ನನಗೆ ಬಟ್ಟೆಯಿಂದ ಗೊತ್ತು.
ಮೇಲೆ ಅರವತ್ತು ಸಾವಿರ ಜನ ಕೂಗುವಾಗ
ಇಲ್ಲಿ ಬಲ್ಬು ನಡುಗುತ್ತದೆ, ಅಷ್ಟೇ.
ಸಂಜೆ ಬುಟ್ಟಿಯಲ್ಲಿ ಬರುತ್ತವೆ ಅಂಗಿಗಳು.
ಹುಲ್ಲಿನ ಹಸಿರು ಮೊಣಕೈಗಿದ್ದರೆ ತಾನೇ ಜಾರಿದ,
ಬೆನ್ನಿಗಿದ್ದರೆ ಕೆಡವಿದರು.
ಹನ್ನೊಂದನೇ ನಂಬರಿನ ಬೆನ್ನು
ಸೆಪ್ಟೆಂಬರಿನಿಂದ ಜನವರಿವರೆಗೂ ಹಸಿರು.

ಎವಾಂಡರ್ ಹಾಲ್‌ಡಾರ್ನ್. ವಯಸ್ಸು ಇಪ್ಪತ್ತಮೂರು.
ಕ್ವಾರ್ಟರ್‌ಬ್ಯಾಕು. ಅಂದರೆ
ಚೆಂಡು ಕೈಗೆ ಬಂದು ಮೂರು ಉಸಿರಿನೊಳಗೆ
ಯಾರತ್ತ ಎಸೆಯಬೇಕೆಂದು
ಇಡೀ ಊರಿನ ಪರವಾಗಿ ಯೋಚಿಸಬೇಕಾದವನು.
ಅವನಿಗೆ ಸಿಕ್ಕಿದ್ದು ಒಂದೂವರೆ.
ಕಾಯಬೇಕಾದ ಐವರು ದೈತ್ಯರು
ಚಿಲಕವಿಲ್ಲದ ಬಾಗಿಲಿನ ಹಾಗೆ ನಿಂತಿರುತ್ತಿದ್ದರು.
ಪತ್ರಿಕೆಯವರು ಅವನು ಕಳಕೊಂಡ ಚೆಂಡು ಎಣಿಸಿದರು.
ನಾನು ಎಡ ಭುಜದ ಹರುಕು ಎಣಿಸಿದೆ.
ಇಪ್ಪತ್ತಾರು.

ನಮ್ಮ ಹಂಗೇರಿ ಕೇರಿಯ ಸಾಸೇಜು ಅಂಗಡಿಯಲ್ಲಿ
ಕ್ರಿಸ್ಮಸ್ಸಿಗೆ ಮೊದಲೇ ಅವನ ಫೋಟೋ ಇಳಿಯಿತು.
ಗೋಡೆಯಲ್ಲಿ ಚೌಕದಷ್ಟು ಜಾಗ ಬೆಳ್ಳಗಿತ್ತು;
"ಬಣ್ಣ ಬಳಿಯೋದ್ಯಾಕೆ, ಏಪ್ರಿಲ್ ಬಂತಲ್ಲ" ಅಂದ ಅಂಗಡಿಯವ.

ಹೆಚ್ಚು ಸೋತವರಿಗೇ ಮೊದಲ ತುತ್ತು, ಇದು ಡ್ರಾಫ್ಟಿನ ನ್ಯಾಯ.
ಎರಡು ವರ್ಷದ ಹಿಂದೆ ಅದೇ ವೇದಿಕೆಯಲ್ಲಿ
ಅದೇ ಟೋಪಿ ತೊಟ್ಟು ಹಾಲ್‌ಡಾರ್ನ್ ನಕ್ಕಿದ್ದ;
ಅವನಮ್ಮ ಅಂಗಿಯನ್ನು ಮುಖಕ್ಕೊತ್ತಿ ಅತ್ತಿದ್ದಳು.
ಆ ಅಂಗಿ ನಾನು ಹೊಲಿದದ್ದಲ್ಲ,
ವೇದಿಕೆಯ ಹಿಂದೆ ಅವಸರಕ್ಕೆ ಅಂಟಿಸಿದ್ದು.

ಈ ಸಲ ಹುಡುಗ ರೋಲಂಡ್.
ಟೆಕ್ಸಾಸಿನವ, ಕೈ ಉದ್ದ, ಕಿವಿ ದೊಡ್ಡದು.
ಇವನೇ ಉತ್ತರ ಅಂದರು ಟಿವಿಯಲ್ಲಿ ಕೋಟಿನವರು.
ಪ್ರಶ್ನೆ ಏನಿತ್ತೆಂದು ಯಾರೂ ಹೇಳಲಿಲ್ಲ.

ಬೆಳಿಗ್ಗೆ ಉಗ್ರಾಣದ ಗ್ರೆಡಿ ಬಂದ.
"ಇಲೊಂಕಾ, ಫೋಟೋ ಮಧ್ಯಾಹ್ನವೇ ಅಂತೆ. ನಂಬರು ಇರಲಿ, ಹೆಸರು ಬಿಚ್ಚು.
ಹಾಲ್‌ಡಾರ್ನನ್ನ ಅರಿಜೋನಾಕ್ಕೆ ಕೊಟ್ಟಾಯಿತು,
ಐದನೇ ಸುತ್ತಿನ ಒಂದು ಚೀಟಿಗೆ."

ಕೊಕ್ಕೆಯಲ್ಲಿ ಒಂದೊಂದೇ ನೂಲು ಕಡಿದೆ.
ಹೊಲಿಯಲು ನಲವತ್ತು ನಿಮಿಷ ಹಿಡಿದಿತ್ತು,
ಬಿಚ್ಚಲು ಎಂಟು.
ಮೇಜಿನ ಮೇಲೆ ಏಳು ಬಿಳಿ ಅಕ್ಷರ.
ಹಿಂದುಮುಂದಾಗಿಸಿದರೆ ಸಾಕು,
ಹಾಲ್‌ಡಾರ್ನ್ ರೋಲಂಡ್ ಆಗುತ್ತಾನೆ, ಬಹುತೇಕ.
ಹೆಚ್ ಒಂದು ಹೆಚ್ಚಾಯಿತು.
ಎಲ್ ಇನ್ನೊಂದು ಎಲ್ಲೂ ಸಿಗಲಿಲ್ಲ;
ಹೊಸ ಬಟ್ಟೆಯಲ್ಲಿ ಕತ್ತರಿಸಿದೆ.
ಉಳಿದ ಆರಕ್ಕಿಂತ ಅದೊಂದು ಬೆಳ್ಳಗೆ.

ಅಷ್ಟರಲ್ಲಿ ಬಾಗಿಲಲ್ಲಿ ಅವನೇ.
ಕೈಯಲ್ಲಿ ಕಸ ತುಂಬುವ ಕಪ್ಪು ಚೀಲ,
ಅದರ ಬಾಯಿಂದ ಇಣುಕುವ ಶೂಸು, ಒಂದು ಶಾಂಪೂ.
ಮುಚ್ಚಿಡಲು ಹೊತ್ತಿರಲಿಲ್ಲ.
ಅಂಗಿ ಬೋರಲು ಬಿದ್ದಿತ್ತು,
ಬೆನ್ನಲ್ಲಿ ಇನ್ನೊಬ್ಬನ ಅರ್ಧ ಹೆಸರು.
ಹೊಲಿಗೆ ಕಿತ್ತ ತೂತುಗಳಲ್ಲಿ
ಅವನದು ಇನ್ನೂ ಓದಲು ಬರುತ್ತಿತ್ತು.

ಏನೋ ಹೇಳಲು ಬಾಯಿ ತೆರೆದೆ, ಗುಂಡುಸೂಜಿ ಕಚ್ಚಿಕೊಂಡಿದ್ದೆ.

ಅವನು ಚೀಲ ಕೆಳಗಿಟ್ಟ.
ಎಡ ಭುಜದ ಅಂಚನ್ನು ಬೆರಳಲ್ಲಿ ಸವರಿ ನೋಡಿದ,
ಕೊಳ್ಳುವವನು ಬಟ್ಟೆಯನ್ನು ನೋಡುವ ಹಾಗೆ.
"ಇಲ್ಲಿ ಎರಡು ಹೊಲಿಗೆ ಹಾಕಿ.
ಅವನೂ ಬಲಗೈಯವನು.
ಈ ಕಡೆಯಿಂದ ಬರೋರು ಕಾಣೋದಿಲ್ಲ."

ಲಿಫ್ಟು ಮೇಲೆ ಹೋದ ಸದ್ದು.
ಹೆಚ್ಚನ್ನು ಗುಂಡಿ ಡಬ್ಬಿಗೆ ಹಾಕಿದೆ.
ಅಲ್ಲಿ ಒಂಟಿ ಕೆ ಇದೆ, ಎರಡು ಜಡ್ ಇವೆ;
ಹತ್ತೊಂಬತ್ತು ವರ್ಷದಲ್ಲಿ ಹನ್ನೊಂದು ಹುಡುಗರು ಬಿಟ್ಟುಹೋದವು.
ಎಷ್ಟು ಜೋಡಿಸಿದರೂ ಒಂದು ಹೆಸರಾಗುವುದಿಲ್ಲ.

ಮೇಲೆ ಹುಲ್ಲಿಗೆ ನೀರು ಬಿಟ್ಟಿದ್ದಾರೆ.
ದಪ್ಪ ನೂಲು ಪೋಣಿಸಿದೆ.
ಎಡ ಭುಜಕ್ಕೆ ಎರಡು.
ಆಮೇಲೆ, ಯಾರೂ ಕೇಳದಿದ್ದರೂ,
ಮೂರನೆಯದು.