ಒಳಮಡಿಕೆ

ಎಲ್ ಆಲ್ತೊದಲ್ಲಿ ಗಾಳಿ ತುಟ್ಟಿ.
ಕೆಳಗಿನ ಊರಿನವರು ಮೆಟ್ಟಿಲು ಹತ್ತಿ ಬಂದರೆ
ನನ್ನ ಅಂಗಡಿಯ ಬಾಗಿಲು ಹಿಡಿದು ನಿಲ್ಲುತ್ತಾರೆ,
ಲಂಗದ ಬೆಲೆ ಕೇಳುವ ಮೊದಲು
ಎರಡು ಉಸಿರು ಸಾಲ ಕೇಳುವವರ ಹಾಗೆ.

ಇಂಥಲ್ಲಿ ಹುಟ್ಟಿದ ನನ್ನ ಎಲಿಯೊ,
ತುಟಿ ಸೀಳಿ, ಅಂಗುಳ ಸೀಳಿ,
ಬಾಯಿಗೂ ಮೂಗಿಗೂ ನಡುವೆ ಗೋಡೆಯೇ ಇಲ್ಲದೆ.
ಅತ್ತೆ ಫಾಕುಂದಾ ಅಂದಳು: ಬಸುರಿಯಾಗಿದ್ದಾಗ
ಸಿಡಿಲು ಬಿದ್ದ ಹೊಲ ದಾಟಿದ್ದೆ ನೀನು.
ದಾಟಿದ್ದೆ. ಆಲೂಗಡ್ಡೆ ತರಲು ಬೇರೆ ದಾರಿ ಇರಲಿಲ್ಲ.

ಮೂರು ತಿಂಗಳಿಗೆ ತುಟಿ ಹೊಲಿದರು,
ವರ್ಷ ತುಂಬಿದ ಮೇಲೆ ಅಂಗುಳ.
ಹೊಲಿಗೆ ನೋಡಿದೆ. ನಾನು ದರ್ಜಿ,
ಮೆಚ್ಚದೆ ಇರಲಾಗಲಿಲ್ಲ:
ಸಣ್ಣ, ಸಮ, ಗಂಟು ಕಾಣದ ಕೈಕೆಲಸ.
ಒಂದು ಮಾತು ಮಾತ್ರ ಬಾಯಿಗೆ ಬಂದು ನುಂಗಿಕೊಂಡೆ.
ಮಕ್ಕಳ ಬಟ್ಟೆಗೆ ನಾವು
ನಾಲ್ಕು ಬೆರಳು ಒಳಗೆ ಮಡಿಚಿ ಬಿಡುತ್ತೇವಲ್ಲ
ಮುಂದಿನ ವರ್ಷಕ್ಕೆಂದು,
ಇದರಲ್ಲಿ ಅದೆಲ್ಲಿದೆ?

ಎಲ್ಲೂ ಇರಲಿಲ್ಲ.
ಆರಕ್ಕೆ, ಒಂಬತ್ತಕ್ಕೆ, ಹನ್ನೆರಡಕ್ಕೆ
ಕೆಂಪು ತೂಗುಪೆಟ್ಟಿಗೆಯಲ್ಲಿ ತೇಲಿ ಇಳಿದು
ಪಕ್ಕಕ್ಕೆ ತಿರುಗಿದ ತಲೆಯ ಪಟ ತೆಗೆಸಿದೆವು.
ಡಾಕ್ಟರ್ ಇರಿಗೊಯೆನ್ ಬೆಳಕಿನ ಹಲಗೆಯ ಮೇಲೆ
ತೆಳುಹಾಳೆ ಹಾಸಿ, ಪೆನ್ಸಿಲ್ಲಿನಲ್ಲಿ
ಮಗನ ಎಲುಬಿನ ಅಂಚು ತಿದ್ದಿದಳು,
ನಾನು ಸೀಮೆಸುಣ್ಣದಲ್ಲಿ ಬಟ್ಟೆ ಗುರುತಿಸುವ ಹಾಗೆಯೇ.
ಮೂರು ವಯಸ್ಸನ್ನು ಒಂದರ ಮೇಲೊಂದು ಇಟ್ಟಳು:
ನೋಡಮ್ಮ, ಕೆಳದವಡೆ ನಡೆದುಬಿಟ್ಟಿದೆ.
ಮೇಲಿನದನ್ನು ಹೊಲಿಗೆಯ ಕಲೆ ಹಿಡಿದು ನಿಲ್ಲಿಸಿದೆ.
ಅಲ್ಲಿ ಮಾಂಸ ಬಿಗಿ, ಹಿಗ್ಗುವುದಿಲ್ಲ.

ಗೊತ್ತು, ಅಂದೆ.

ಆಮೇಲೆ ಅವಳ ಪೆನ್ಸಿಲ್ಲು ನಾಲಿಗೆಯ ಹಿಂದಿನ
ಒಂದು ಕಪ್ಪು ಓಣಿಗೆ ಬಂತು.
ಪಟದಲ್ಲಿ ಎಲುಬು ಬಿಳಿ, ಗಾಳಿ ಕಪ್ಪು.
ಅಷ್ಟು ದೊಡ್ಡ ತಲೆಯಲ್ಲಿ ಅವಳು ಎರಡು ಸಲ ಅಳೆದದ್ದು
ಆ ಏನೂ ಇಲ್ಲದ ಜಾಗವನ್ನೇ.
ಐದು ಮಿಲಿಮೀಟರು.
ನನ್ನಲ್ಲಿರುವ ಅತಿ ಸಣ್ಣ ಗುಂಡಿಗಿಂತ ಕಡಿಮೆ.
ರಾತ್ರಿ ಹೇಗೆ ಮಲಗುತ್ತಾನೆ? ಕೇಳಿದಳು.
ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಗೊರಕೆ, ಗೊರಕೆ, ಆಮೇಲೆ ಏನೂ ಇಲ್ಲ,
ತಗಡಿನ ಮೇಲೆ ಆಲಿಕಲ್ಲ ಸದ್ದು ತಟ್ಟನೆ ನಿಂತ ಹಾಗೆ.
ನಾನು ಎಣಿಸುವೆ. ಹನ್ನೊಂದು. ಹದಿನಾಲ್ಕು.
ಮುಳುಗಿದವನು ಮೇಲೆದ್ದಂತೆ ಒಂದು ಎಳೆತ.
ಹಗಲು ಶಾಲೆಯಲ್ಲಿ ತೂಕಡಿಸುವನು;
ಸೋಮಾರಿ ಎಂದು ಮೇಷ್ಟ್ರು ಬರೆದು ಕಳಿಸುವರು.

ಹದಿಮೂರಕ್ಕೆ ಮೇಲ್ದವಡೆ ಕೊಯ್ದು ಬಿಡಿಸಿ
ತಲೆಗೊಂದು ಲೋಹದ ಚೌಕಟ್ಟು ತೊಡಿಸಿದರು.
ತಿರುಪಿನ ಕೀಲಿ ನನ್ನ ಕೈಗೆ ಕೊಟ್ಟರು:
ಬೆಳಿಗ್ಗೆ ಅರ್ಧ ಮಿಲಿಮೀಟರು, ರಾತ್ರಿ ಅರ್ಧ.
ಯಂತ್ರದ ಚಕ್ರ ತಿರುಗಿಸಿ ಸವೆದ ಬೆರಳು
ಮೊದಲ ದಿನ ನಡುಗಿತು.
ಬೇಗ ತಿರುಗಿಸು, ಚಳಿ, ಅಂದ.
ಹನ್ನೆರಡು ದಿನ. ಎಲುಬು ಎಲುಬನ್ನು ಬಿಟ್ಟು ಹೊರಟ ಸಂದಿಯಲ್ಲಿ
ಹೊಸ ಎಲುಬು ತಾನೇ ನೇಯ್ದುಕೊಳ್ಳುತ್ತದಂತೆ.
ಎಲ್ಲೋ ಇತ್ತು ಹಾಗಾದರೆ
ನಾನು ಹುಡುಕಿದ್ದ ಆ ನಾಲ್ಕು ಬೆರಳು.

ಪೂರ್ತಿ ಲಾಭವೇನಲ್ಲ.
ದಾರಿ ಅಗಲವಾದರೆ ಮಾತು ಸೋರಬಹುದು
ಎಂದಿದ್ದಳು ಡಾಕ್ಟರು. ಸೋರುತ್ತದೆ.
'ಪ' ಅಂದರೆ ಅರ್ಧ ಮೂಗಿನಿಂದ ಹೊರಟುಹೋಗುತ್ತದೆ,
ಗಿರಾಕಿಗಳು ಎರಡೆರಡು ಸಲ ಕೇಳುತ್ತಾರೆ.
'ಮ' ಮಾತ್ರ ಮೊದಲಿಂದಲೂ ನೆಟ್ಟಗಿದೆ,
ಅದು ಮೂಗಿನದೇ ಅಕ್ಷರ.
ಕನ್ನಡಿಯ ಮುಂದೆ ಹೊಸ ಮೋರೆಯನ್ನು
ಅಳತೆಗೆ ತೊಟ್ಟ ಅಂಗಿಯಂತೆ
ಅತ್ತ ಇತ್ತ ತಿರುಗಿಸುತ್ತಾನೆ. ಏನೂ ಹೇಳುವುದಿಲ್ಲ.

ನಿನ್ನೆ ರಾತ್ರಿ ಎಣಿಸಲು ಕೂತೆ.
ಎಣಿಸುವಂಥದ್ದು ಸಿಗಲಿಲ್ಲ.
ಉಸಿರು ಹೋಯಿತು, ಬಂತು, ಹೋಯಿತು.
ನನಗೇ ನಿದ್ದೆ ಹತ್ತಲಿಲ್ಲ.
ದೀಪ ಹಾಕಿ ನೆರೆಮನೆಯ ಹುಡುಗಿಯ ಲಂಗ ತೆಗೆದುಕೊಂಡೆ,
ಗಿಡ್ಡವಾಗಿದೆಯಂತೆ. ಅಂಚು ಬಿಚ್ಚಿದೆ.
ಒಳಗೆ, ಎರಡು ವರ್ಷ ಬಿಸಿಲು ಕಾಣದೆ,
ಬಣ್ಣ ಹಾಗೇ ಇತ್ತು.