ಒಳಗೆ ಬಿಟ್ಟ ಬಟ್ಟೆ

ಒಂಬತ್ತಕ್ಕೆ ನುಂಗಿದರೆ ಹತ್ತಕ್ಕೆ ಬರುತ್ತದೆ.
ನಿದ್ದೆಯಲ್ಲ ಅದು.
ತಲೆಯಿಂದ ಕಾಲವರೆಗೆ ಗೋಣಿಚೀಲ ಎಳೆದು
ದಬ್ಬಳದಲ್ಲಿ ಬಾಯಿ ಹೊಲಿದ ಹಾಗೆ.
ಕನಸು ತೂರಲು ಒಂದು ಕಾಜಾದಷ್ಟೂ ಕಂಡಿಯಿಲ್ಲ.

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ನನ್ನ ಷಟರು
ಏಳುವಾಗ ಹತ್ತೂವರೆ. ಪಕ್ಕದ ಬೇಕರಿಯವನು
'ಏನ್ ಇನಾಸಣ್ಣ, ಸಾಹುಕಾರ್ರಾಗ್ಬಿಟ್ರಿ' ಅನ್ನುತ್ತಾನೆ.
ನಗುತ್ತೇನೆ. ನಾಲಿಗೆ ಇನ್ನೂ ದಿಂಬಿನ ಮೇಲೇ ಇದೆ.
ಸೂಜಿಗೆ ಎರಡು ಕಣ್ಣು ಹನ್ನೊಂದರವರೆಗೆ;
ಕತ್ತರಿ ಮುಟ್ಟುವುದಿಲ್ಲ, ಗುಂಡಿ ಹಚ್ಚುತ್ತೇನೆ.

ಅರ್ಧ ಮಾಡಿ ನೋಡೋಣ, ಅಂದರು ಡಾಕ್ಟರು.
ಬಟ್ಟೆಯಾದರೆ ಚಾಕಿನಲ್ಲಿ ಗೆರೆ ಎಳೆಯುತ್ತಿದ್ದೆ.
ಬ್ಲೇಡಿಟ್ಟು ಒತ್ತಿದೆ. ಒಂದರ್ಧ ಕೈಗೆ ಬಂತು,
ಇನ್ನೊಂದು ಪುಡಿಯಾಗಿ ಮೇಜಿನ ಸಂದಿಗೆ.
ಆ ಪುಡಿಯಲ್ಲೇ ಇತ್ತೋ ಏನೋ ನನ್ನ ಪಾಲಿನ ರಾತ್ರಿ,

ಹನ್ನೊಂದು ದಿನ ರೆಪ್ಪೆಗೆ ರೆಪ್ಪೆ ಕೂಡಲಿಲ್ಲ.
ಮೊಣಕಾಲೊಳಗೆ ಕೂತು ಯಾರೋ ಪೆಡಲು ತುಳಿದರು,
ದಾರವಿಲ್ಲದ ಮೆಷಿನ್ನು, ಬರೀ ಸದ್ದು.
ಒಂದು ದಿನ ಮೂರು ಗಂಟೆಗೆ ಎದ್ದು
ತುಂಗೆಯ ಸೇತುವೆ ಕಡೆ ನಡೆದೆ.
ಜುಸ್ತಿನ ಚಪ್ಪಲಿ ಹಾಕದೆ ಹಿಂದೆ ಬಂದಳು.
ಹಾಲಿನ ವ್ಯಾನು ನೋಡೋಕೆ, ಅಂದೆ.
ಅವಳು ಏನೂ ಕೇಳಲಿಲ್ಲ.
ನನ್ನ ಅಂಗಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದಳು,
ಬಟ್ಟೆಯ ಗುಣ ನೋಡುವವರ ಹಾಗೆ,
ಮನೆ ಬರುವವರೆಗೂ ಬಿಡಲಿಲ್ಲ.

ಮತ್ತೆ ಇಡೀ ಮಾತ್ರೆ.
ಮತ್ತೆ ಗೋಣಿಚೀಲ, ಮತ್ತೆ ಹಸಿವು.
ಮಧ್ಯರಾತ್ರಿ ನಿದ್ದೆಗಣ್ಣಲ್ಲೇ ಅನ್ನದ ಪಾತ್ರೆ ಹುಡುಕುತ್ತೇನಂತೆ,
ನನಗೆ ನೆನಪಿಲ್ಲ, ಪಾತ್ರೆಗೆ ನೆನಪಿದೆ.
ಸೊಂಟ ಮೂವತ್ನಾಲ್ಕಿದ್ದದ್ದು ಮೂವತ್ತೆಂಟು.
ನನ್ನ ಪ್ಯಾಂಟು ನಾನೇ ಬಿಚ್ಚಿ ನಾನೇ ಹೊಲಿದೆ,
ಗಿರಾಕಿಯೂ ನಾನೇ, ಬೈಸಿಕೊಂಡವನೂ ನಾನೇ.

ಬುಧವಾರ ಮೆಗ್ಗಾನ್ ಆಸ್ಪತ್ರೆಯ ಬೆಂಚಿನ ಮೇಲೆ
ಎಲ್ಲೈಸಿ ಆಫೀಸಿನ ನಾಗವೇಣಿ ಮೇಡಂ.
ಮೂರು ತಿಂಗಳಲ್ಲಿ ಎರಡು ಸಲ ರವಿಕೆ ಬಿಚ್ಚಿಸಿದ್ದರು,
'ಥೈರಾಯ್ಡು' ಅಂದಿದ್ದರು. ತಲೆಯಾಡಿಸಿದ್ದೆ.
ನನ್ನ ಟೇಪಿಗೆ ಆಗಲೇ ಅನುಮಾನವಿತ್ತು.
ಅವರು ನನ್ನ ಚೀಟಿ ನೋಡಿದರು, ನಾನು ಅವರದ್ದು.
ತೋಳಿನ ಹೊಲಿಗೆ ನನ್ನದೇ, ಮತ್ತೆ ಬಿಗಿದಿತ್ತು.
ಇಪ್ಪತ್ತು ವರ್ಷದಲ್ಲಿ ಅಳತೆ ಬಿಟ್ಟು ಮೊದಲ ಮಾತು:
'ಬೆಳಗ್ಗೆ ಏಳೋಕಾಗುತ್ತಾ ನಿಮಗೆ?'
'ಹತ್ತಾಗತ್ತೆ ಮೇಡಂ.'
'ನಾನು ಮೂರು ಅಲಾರಂ ಇಡ್ತೀನಿ,
ಒಂದನ್ನ ಸ್ಟೀಲ್ ಡಬ್ಬಿ ಒಳಗೆ.
ಪಕ್ಕದ ಮನೆಯವರು ಏಳ್ತಾರೆ.'
ನಕ್ಕೆವು, ಹೆಸರು ಕೂಗುವವನು ಕೂಗುವುದು ಬಿಟ್ಟು
ನೋಡುವಷ್ಟು.

ಈಗ ಯಾರ ಬಟ್ಟೆಗೂ ಒಳಗೆ ಒಂದಿಂಚು ಹೆಚ್ಚೇ ಬಿಡುತ್ತೇನೆ.
ಯಾಕೆ ಅಂತ ಹೇಳುವುದಿಲ್ಲ.

ಒಂಬತ್ತಾಯಿತು. ಅಂಗೈಯಲ್ಲಿ ಮಾತ್ರೆ,
ಅಂಗಿ ಗುಂಡಿಗಿಂತ ಚಿಕ್ಕದು.
ಜುಸ್ತಿನ ನೀರು ಹಿಡಿದು ನಿಂತಿದ್ದಾಳೆ.
ನಾಳೆ ಮದುವೆ ಮನೆಯ ರವಿಕೆ ಕೊಡುವುದಿದೆ,
ಹನ್ನೊಂದರ ಮೇಲೆ ಬನ್ನಿ ಅಂದಿದ್ದೇನೆ.